ಸಾತವ್ವನಿಗೆ ಬರೆದುಕೊಟ್ಟ ಕಾಗದ

ಜೀವವೈದ್ಯಕೀಯ ಎಂಜಿನಿಯರಿಂಗ್ ಎಂಬ ವಿದ್ಯೆಯನ್ನು ನಮ್ಮ ಜಿಲ್ಲೆಗೆ ತಂದವರು ಯಾರು ಎಂದು ಕೇಳಿದರೆ ಇಬ್ಬರು ಮೂವರ ಹೆಸರು ಹೇಳಬಹುದು. ಆದರೆ ಅದನ್ನು ಕಾಲೇಜಿನ ಗೇಟು ದಾಟಿಸಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಸ್ಪತ್ರೆಗಳಲ್ಲಿ ರೋಗಿಗಳು ಕೂರುವ ಬಾಕಿನವರೆಗೆ ಕೈಹಿಡಿದು ನಡೆಸಿಕೊಂಡು ಹೋದವರು ಯಾರು ಎಂದರೆ ಒಂದೇ ಹೆಸರು: ಪ್ರಾಧ್ಯಾಪಕಿ ಡಾ. ವಿದ್ಯಾವತಿ ಬಸಂತರಾಯ ಬಿರಾದಾರ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ಈ ಜೂನ್ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಪ್ರಬಂಧಗಳು, ಪದವಿಗಳು, ಪ್ರಶಸ್ತಿಗಳ ಪಟ್ಟಿ ಈ ಅಭಿನಂದನ ಸಂಪುಟದ ಕೊನೆಯಲ್ಲಿದೆ. ಸಂಪಾದಕರು ಅದನ್ನು ಮೇಡಂ ಅವರಿಗೆ ತೋರಿಸದೆ ಸೇರಿಸಿದ್ದಾರೆ. ತೋರಿಸಿದ್ದರೆ ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದರು. ಆ ಪಟ್ಟಿಯಲ್ಲಿಲ್ಲದ ಒಂದು ಕಾಗದವಿದೆ. ಈ ಲೇಖನ ಆ ಕಾಗದದ ಬಗ್ಗೆ.

ಮೇಡಂ ಹೂವಿನ ಹಿಪ್ಪರಗಿಯ ಒಕ್ಕಲು ಮನೆತನದವರು. ತಂದೆ ಬಸಂತರಾಯರಿಗೆ ಮಗಳು ಓದುತ್ತಿದ್ದ ವಿದ್ಯೆಯ ಹೆಸರು ಒಂದು ಸಲವೂ ನೆಟ್ಟಗೆ ಬಾಯಿಗೆ ಬರಲಿಲ್ಲ. ಕೇಳಿದವರಿಗೆಲ್ಲ 'ದವಾಖಾನಿ ಮಿಷನ್ ಡಾಕ್ಟರ್' ಎಂದುಬಿಡುತ್ತಿದ್ದರಂತೆ. ಅದರ ಫಲವಾಗಿ, ರಜೆಗೆ ಊರಿಗೆ ಬಂದಾಗಲೆಲ್ಲ ಓಣಿಯ ಹೆಣ್ಣುಮಕ್ಕಳು ಇವರ ಪಡಸಾಲೆಯಲ್ಲಿ ಸಾಲಾಗಿ ಕುಳಿತು ನಾಡಿ ನೋಡಿರೆಂದು ಕೈ ಚಾಚುತ್ತಿದ್ದರು. ಇವರು ನಾಡಿ ಹಿಡಿಯುತ್ತಿರಲಿಲ್ಲ. ಆದರೆ ಪ್ರತಿಯೊಬ್ಬರ ತಕರಾರನ್ನೂ ಕೊನೆಯವರೆಗೆ ಕೇಳುತ್ತಿದ್ದರು. ದವಾಖಾನೆಯಲ್ಲಿ ಏನೆಂದರು ಎಂದು ವಿಚಾರಿಸಿದರೆ ಬಹಳಷ್ಟು ಮಂದಿಯದು ಒಂದೇ ಉತ್ತರ: "ಮಿಷನ್ ಕೆಟ್ಟೈತಿ, ವಿಜಾಪುರಕ್ಕ ಹೋಗ್ರಿ ಅಂದ್ರು." ಆ ಮಾತು ಅವರ ತಲೆಯೊಳಗೆ ಹೊಕ್ಕು ಕುಳಿತದ್ದು ಇನ್ನೂ ಎದ್ದಿಲ್ಲ.

ವಿಜಯಪುರದ ನಮ್ಮ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು, ಮುಂದೆ ವಿಭಾಗದ ಮುಖ್ಯಸ್ಥೆಯಾಗಿ, ಸ್ನಾತಕೋತ್ತರ ತರಗತಿಗಳು ಶುರುವಾದಾಗ ಅವರು ಪಠ್ಯಕ್ರಮದಲ್ಲಿಲ್ಲದ ಎರಡು ಕಟ್ಟಳೆಗಳನ್ನು ಹಾಕಿದರು. ಮೊದಲನೆಯದು, ಯಾವ ವಿದ್ಯಾರ್ಥಿಯೂ ಯಂತ್ರ ಬಿಚ್ಚುವ ಮೊದಲು ಈ ನಾಲ್ಕು ತಾಲೂಕುಗಳಲ್ಲೊಂದರ ಆಸ್ಪತ್ರೆಗೆ ಹೋಗಿ, ಸಂತೆಯ ದಿನ, ರೋಗಿಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಬಾಕಿನ ಮೇಲೆ ಕೂರಬೇಕು. ಸ್ಕ್ರೂಡ್ರೈವರ್ ಚೀಲದಿಂದ ಹೊರಗೆ ಬರಕೂಡದು. ಎರಡನೆಯದು, ರಿಪೇರಿಗೆ ಕೈಹಾಕಿದ ಪ್ರತಿಯೊಂದು ಯಂತ್ರಕ್ಕೂ ಒಂದು ಜಾತಕ ಬರೆಯಬೇಕು. ಹೌದು, ಜಾತಕವೇ. ಅದು ಎಲ್ಲಿ ತಯಾರಾಯಿತು, ಎಂದು ಬಂತು, ಯಾವ ಬೇನೆ ಬಿತ್ತು, ಯಾರು ಮುಟ್ಟಿದರು, ಏನು ಮಾಡಿದರು, ಎಲ್ಲವೂ ನರ್ಸಮ್ಮನಿಗೆ ಓದಲು ಬರುವ ಕನ್ನಡದಲ್ಲಿ ಒಂದು ಪುಸ್ತಕದಲ್ಲಿರಬೇಕು. ಆ ಪುಸ್ತಕ ಯಂತ್ರದ ಮಗ್ಗುಲಲ್ಲೇ ತೂಗುತ್ತಿರಬೇಕು.

ಎಂ.ಟೆಕ್. ಓದಲು ಬಂದವರು ಬಾಕಿನ ಮೇಲೆ ಕುಳಿತು ಜಾತಕ ಬರೆಯುವುದೆಂದರೆ ನಗೆಪಾಟಲೇ ಸರಿ. ಆದರೆ ಮೇಡಂ ಅವರ ವಿದ್ಯಾರ್ಥಿಗಳಿಗೆ ಹೊರಲೋಕದ ದಾರಿಗಳೇನೂ ಮುಚ್ಚಿರಲಿಲ್ಲ. ಅವರ ಕೋಣೆಯ ಹೊರಗೋಡೆಯ ಹಲಗೆಯ ಮೇಲೆ ಶಿಷ್ಯವೇತನ, ಬೇಸಗೆ ತರಬೇತಿ, ವಿಚಾರಸಂಕಿರಣ, ಹೊಸ ಉಪಕರಣಗಳ ಸ್ಪರ್ಧೆ, ಪಿಎಚ್.ಡಿ. ಸೀಟುಗಳ ಸುದ್ದಿ ತಾರೀಖಿನ ಸಮೇತ ಅಂಟಿರುತ್ತಿತ್ತು. ಶನಿವಾರ ಮಧ್ಯಾಹ್ನ ಎಲ್ಲರೂ ಕೂಡಿ, ಒಬ್ಬೊಬ್ಬರಾಗಿ ಆ ವಾರ ತಮ್ಮಿಂದ ಆಗದೆ ಹೋದ ಕೆಲಸದ ಬಗ್ಗೆ ಮಾತಾಡಬೇಕಿತ್ತು. ಆದ ಕೆಲಸದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಅರ್ಜಿ ಹಾಕಲು ಅಂಜಿದವರಿಗೆ ಮಾತ್ರ ಸರಿಯಾದ ಮಂಗಳಾರತಿ: "ಬ್ಯಾಡ ಅನ್ನೂದು ಅವರ ಕೆಲಸ ಐತಿ. ಅದನ್ನೂ ನೀವs ಮಾಡಿದ್ರ ಅವರು ಏನ್ ಮಾಡಬೇಕು?"

ಇಂಡಿಯ ರಾಜೇಶ್ವರಿಗೆ ಚೆನ್ನೈನ ಪ್ರಯೋಗಾಲಯವೊಂದರಲ್ಲಿ ಕೃತಕ ಕಾಲು ತಯಾರಿಸುವ ಆರು ತಿಂಗಳ ತರಬೇತಿ ಸಿಕ್ಕಾಗ ಅವಳ ತಂದೆ ಕಲ್ಮೇಶ ಅವರು ಸುತಾರಾಂ ಒಪ್ಪಲಿಲ್ಲ. ಮೇಡಂ ಬಸ್ ಹತ್ತಿ ಇಂಡಿಗೆ ಹೋದರು. ಊಟ ಮುಗಿಸಿ ಲಿಂಬೆ ತೋಟ ನೋಡಿದರು, ಹೊಗಳಿದರು, ಈ ಕಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಚೆನ್ನೈತನಕ ಹೋಗುತ್ತದೆ ಎಂದು ಕಲ್ಮೇಶರು ಹೆಮ್ಮೆಯಿಂದಲೇ ಹೇಳಿದರು.

"ಲಿಂಬಿ ಕಳಸ್ತೀರಿ, ಮಗಳನ್ನ ಕಳಸಾಕ ಯಾಕ ಅಂಜತೀರಿ?"

"ಮೇಡಂ, ಹೋದ ಲಿಂಬಿ ತಿರುಗಿ ಬರಂಗಿಲ್ಲಲ್ರಿ."

"ಹೌದಲ್ರಿ. ಇಕಿ ಬರ್ತಾಳ. ಅದಕ್ಕs ಇಕೀನ್ನ ಕಳಸ್ರಿ."

ರಾಜೇಶ್ವರಿ ಹೋದಳು, ಬಂದಳು, ಇಂದು ಬಾಗೇವಾಡಿ ರಸ್ತೆಯಲ್ಲಿ ಅವಳದೇ ಕೃತಕ ಅಂಗಗಳ ಕಾರ್ಯಾಗಾರವಿದೆ. ಇಂಥ ಕಥೆಗಳನ್ನು ಈ ಸಂಪುಟದಲ್ಲಿ ಬೇರೆಯವರು ಬರೆದಿರುತ್ತಾರೆ. ಇಲ್ಲಿ ಹೇಳಬೇಕಾದದ್ದು ನೆಟ್ಟಗೆ ನಡೆದದ್ದರ ಕಥೆಯಲ್ಲ.

ಹನ್ನೆರಡು ವರ್ಷಗಳ ಹಿಂದೆ ಸಿಂದಗಿ ತಾಲೂಕಿನ ಕುರಿ ಸಾಕುವ ಮನೆತನದ ಮುತ್ತು ಎಂಬ ವಿದ್ಯಾರ್ಥಿ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದ. ಆಸ್ಪತ್ರೆಯ ಹೆಸರು ಬೇಡ, ತಪ್ಪು ಅವರದಲ್ಲ. ಈ ಲೇಖನ ಬರೆಯುತ್ತಿರುವವನೂ ಆ ಮುತ್ತುವೇ. ಆದರೂ ಅಂದಿನ ಅವನನ್ನು ತುಸು ದೂರ ನಿಲ್ಲಿಸಿದರೇನೇ ನೆಟ್ಟಗೆ ಕಾಣುತ್ತಾನೆ.

ಅಲ್ಲಿ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರವೊಂದಿತ್ತು. ಎಲ್ಲರೂ ವಾರ್ಮರ್ ಎನ್ನುತ್ತಿದ್ದರು. ಕೂಸಿನ ಹೊಟ್ಟೆಗೆ ಅಂಟಿಸಿದ ತಂತಿಯೊಂದು ಮೈಬಿಸಿ ಅಳೆಯುತ್ತದೆ, ಅದಕ್ಕೆ ತಕ್ಕಂತೆ ಮೇಲಿನ ಹೀಟರ್ ಕಾಯುತ್ತದೆ, ಹೆಚ್ಚುಕಡಿಮೆಯಾದರೆ ಅಲಾರಾಂ ಕೂಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಸುಳ್ಳುಸುಳ್ಳೇ ಕೂಗುವುದು ಆ ಯಂತ್ರದ ಬೇನೆ. ಕರೆಂಟು ದಿನಕ್ಕೆ ಹತ್ತಿಪ್ಪತ್ತು ಸಲ ಹೋಗಿ ಬರುತ್ತಿತ್ತು. ಮಲಗಿದ ಬಾಣಂತಿಯರು ಬೆಚ್ಚಿಬೀಳುತ್ತಿದ್ದರು. "ಅದರ ಬಾಯಿ ಒಂಚೂರು ಮುಚ್ಚಸಪಾ" ಎಂದು ನರ್ಸ್ ಸಿದ್ದಲಿಂಗವ್ವ ಗೋಗರೆದಳು. ಮುತ್ತು ಅಲಾರಾಮಿನ ವಾಯರು ಬಿಚ್ಚಿದ, ಮುಂದಿನ ವಾರ ಸರಿಯಾದ ಭಾಗ ತಂದು ಜೋಡಿಸಿದರಾಯಿತು ಎಂದುಕೊಂಡ. ಅಷ್ಟಾದರೂ ಬರೆದಿಡಬಹುದಿತ್ತು. ಅರ್ಧ ಮಾಡಿದ ಕೆಲಸ ಮೇಡಂ ಕಣ್ಣಿಗೆ ಬೀಳುವುದೆಂಬ ನಾಚಿಕೆಗೆ ಜಾತಕದಲ್ಲಿ ಒಂದೇ ಶಬ್ದ ಬರೆದ: 'ಗುಣವಾಗಿದೆ.'

ಮೂರನೆಯ ದಿನ ಮಧ್ಯಾಹ್ನ ಎರಡು ದಿನದ ಕೂಸೊಂದರ ಹೊಟ್ಟೆಯ ಮೇಲಿನ ತಂತಿ ಕಳಚಿತು. ಕೂಸು ತಣ್ಣಗಾಗಿದೆ ಎಂದು ತಿಳಿದ ಯಂತ್ರ ಕಾಯುತ್ತಲೇ ಹೋಯಿತು. ಅಲಾರಾಂ ಕೂಗಬೇಕಿತ್ತು, ಕೂಗಲಿಲ್ಲ. ದುಪಟಿ ಬದಲಿಸಲು ಕೈ ಒಳಗಿಟ್ಟ ಸಿದ್ದಲಿಂಗವ್ವ ಚೀರಿ ಕೂಸನ್ನು ಎತ್ತಿಕೊಂಡಳು. ಮೈಯೆಲ್ಲ ಕೆಂಡದಂತೆ ಕೆಂಪಾಗಿತ್ತು. ನಾಲ್ಕು ದಿನ ಅತ್ತ ಇತ್ತ ಎನ್ನುವಂತಿದ್ದು, ಐದನೆಯ ದಿನ ಮೊಲೆ ಹಿಡಿಯಿತು. ಅದು ಬದುಕಿದ್ದು ಸಿದ್ದಲಿಂಗವ್ವನ ಕೈಯಿಂದ, ನಮ್ಮ ವಿದ್ಯೆಯಿಂದಲ್ಲ.

ಮುತ್ತುವಿನ ಬಾಯಿಂದ ಎಲ್ಲ ಕೇಳಿಕೊಂಡು, ಕೂಸು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಮೇಡಂ ಅಲ್ಲಿಗೆ ಹೋದರು. ಯಾರೂ ಕರೆದಿರಲಿಲ್ಲ. ಹಳೆಯ ಯಂತ್ರ, ಕೆಟ್ಟಿತು ಎಂದು ಹೇಳಿಬಿಟ್ಟಿದ್ದರೆ ನಂಬದಿರುವವರು ಯಾರೂ ಇರಲಿಲ್ಲ. ಕೂಸಿನ ತಾಯಿ ಸುನೀತಾ ಮಲಗಿದ್ದಳು. ಮಗ್ಗುಲಲ್ಲಿ ಅಜ್ಜಿ ಸಾತವ್ವ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯವಳು. ಇಬ್ಬರ ಮುಂದೆಯೂ ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಹುಡುಗನ ಹೆಸರೊಂದನ್ನು ಬಿಟ್ಟು.

ಸಾತವ್ವನ ಬಾಯಿ ದೊಡ್ಡದು. "ನಿಮ್ಮ ಹುಡುಗೂರಿಗೆ ಮಿಷನ್ ಕಲಿಯಾಕ ನಮ್ಮ ಕೂಸs ಸಿಕ್ತೇನ್ರಿ?"

"ಖರೇ ಐತಿ ಯವ್ವಾ. ತಪ್ಪು ನಂದು."

"ತಪ್ಪು ಅಂದ್ರ ಮುಗೀತೇನು? ನಾಳಿ ಮತ್ತೊಬ್ಬರ ಕೂಸು ಇದರಾಗ ಮಲಗತೈತಿ. ಬರದ ಕೊಡ್ರಿ."

ಮೇಡಂ ಅಲ್ಲೇ ಬಾಕಿನ ಮೇಲೆ ಕುಳಿತು ಬರೆದರು: 'ನನ್ನ ವಿದ್ಯಾರ್ಥಿಗಳು ಮುಟ್ಟಿದ ಯಂತ್ರದಿಂದ ಯಾರ ಕೂಸಿಗೂ ಕೇಡಾಗದಂತೆ ನೋಡಿಕೊಳ್ಳುತ್ತೇನೆ. ಮಾಡಿದ್ದನ್ನೆಲ್ಲ ಬರೆದಿಡುತ್ತೇವೆ, ಬರೆದಿಡಲಾಗದ್ದನ್ನು ಮಾಡುವುದಿಲ್ಲ. ಹೊಣೆ ನನ್ನದು.' ಕೆಳಗೆ ಸಹಿ ಹಾಕಿದರು. ಸಾತವ್ವ ಅದನ್ನು ಸಿದ್ದಲಿಂಗವ್ವನಿಂದ ಎರಡು ಸಲ ಓದಿಸಿ, ತಾನೂ ಹೆಬ್ಬೆಟ್ಟು ಒತ್ತಿದಳು. "ವರ್ಷಕ್ಕೊಮ್ಮಿ ಬಂದು ಓದಿ ಹೇಳ್ರಿ. ಇಲ್ಲಾಂದ್ರ ಮರೀತೀರಿ" ಎಂದಳು.

ಕಾಲೇಜಿನಲ್ಲಿ ತಾಲೂಕು ಆಸ್ಪತ್ರೆಗಳ ಕೆಲಸವನ್ನೇ ನಿಲ್ಲಿಸಬೇಕೆಂಬ ಮಾತು ಎದ್ದಿತು. ಮುತ್ತುವಂತೂ ಟ್ರಂಕು ಕಟ್ಟಿಟ್ಟಿದ್ದ. ಮೇಡಂ ಆ ಕಾಗದದ ಪ್ರತಿಯನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟು, ಒಬ್ಬ ಹೆಣ್ಣುಮಗಳಿಗೆ ಮಾತು ಕೊಟ್ಟಾಗಿದೆ, ನಿಲ್ಲಿಸಿದರೆ ಮಾತು ಉಳಿಸಿಕೊಂಡಂತಾಗುವುದಿಲ್ಲ, ಓಡಿಹೋದಂತಾಗುತ್ತದೆ ಎಂದರು. ಮುತ್ತುವನ್ನು ಬೈಯಲಿಲ್ಲ. ಅದೇ ಆಸ್ಪತ್ರೆಗೆ, ಅದೇ ಬಾಕಿಗೆ ತಿರುಗಿ ಕಳಿಸಿದರು: "ಒಂದು ದಿನ ಕುಂತದ್ದು ಸಾಲಲಿಲ್ಲ ನಿನಗ. ಒಂದ್ ವಾರ ಕುಂದರು." ಅವನು ಆ ವಾರವಿಡೀ ಕರೆಂಟು ಎಷ್ಟು ಸಲ ಹೋಯಿತು, ಎಷ್ಟು ಕ್ಷಣಕ್ಕೆ ಬಂತು ಎಂದು ಗುರುತು ಹಾಕಿಕೊಂಡ. ಆ ಕೆಲವು ಕ್ಷಣಗಳನ್ನು ದಾಟಿಸಿ, ಅಲಾರಾಮಿಗೆ ಸುಳ್ಳು ಕೂಗಲು ಕಾರಣವೇ ಉಳಿಯದಂತೆ ಮಾಡುವ ಬ್ಯಾಟರಿಯ ಸಣ್ಣ ಡಬ್ಬಿಯೊಂದು ಅವನ ಎಂ.ಟೆಕ್. ಪ್ರಬಂಧವಾಯಿತು. ಪುಣೆಯ ವಿಚಾರಸಂಕಿರಣದಲ್ಲಿ ಅದನ್ನು ಮಂಡಿಸುವಾಗ ಮೊದಲ ಚಿತ್ರವಾಗಿ 'ಗುಣವಾಗಿದೆ' ಎಂದು ಬರೆದ ಆ ಹಾಳೆಯನ್ನೇ ತೋರಿಸಬೇಕೆಂದು ಮೇಡಂ ಹಟ ಹಿಡಿದರು. ತೋರಿಸಿದ. ಪಿಎಚ್.ಡಿ.ಯ ಶಿಷ್ಯವೇತನ ಸಿಕ್ಕಿದ್ದು ಅಲ್ಲಿ ಕುಳಿತು ಕೇಳಿದವರಿಂದಲೇ. ಓದು ಮುಗಿಸಿ ಅವನು ಇದೇ ವಿಭಾಗಕ್ಕೆ ಅಧ್ಯಾಪಕನಾಗಿ ಬಂದ.

ಅಂದಿನಿಂದ ಪ್ರತಿ ಜೂನಿನಲ್ಲಿ ಮೇಡಂ ಹೊಸ ವಿದ್ಯಾರ್ಥಿಗಳನ್ನು ಕರೆದುಕೊಂಡು ತಂಗಡಗಿಗೆ ಹೋಗಿ, ಸಾತವ್ವನ ಕಟ್ಟೆಯ ಮೇಲೆ ಕುಳಿತು ಆ ಕಾಗದ ಓದುತ್ತಾರೆ, ಆ ವರ್ಷದ ಸಹಿ ಹಾಕುತ್ತಾರೆ. ಮುತ್ತು ಒಂದು ಸಲವೂ ಹೋಗಿರಲಿಲ್ಲ. ಒಮ್ಮೆ ಪರೀಕ್ಷೆಯ ಕೆಲಸ, ಒಮ್ಮೆ ಜ್ವರ, ಒಮ್ಮೆ ತಮ್ಮನ ಮದುವೆ; ಒಂದು ವರ್ಷ ಯಾವ ನೆಪವೂ ಹೊಳೆಯದೆ ಬಸ್ಸನ್ನೇ ತಪ್ಪಿಸಿಕೊಂಡ. ಮೇಡಂ ಕೇಳಲೂ ಇಲ್ಲ.

ಈ ವರ್ಷ ಅವರು ನಿವೃತ್ತರಾಗುವುದು ಖಚಿತವಾದಾಗ ಪ್ರಾಂಶುಪಾಲ ಸಂಜೀವಕುಮಾರ ಅವರು ಸಭೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. ವಿದ್ಯಾರ್ಥಿಗಳಿಗೆ ದೊಡ್ಡ ಊರಿನ ಕಂಪನಿಗಳಲ್ಲಿ ತರಬೇತಿ ಸಿಗುತ್ತಿದೆ. ತಾಲೂಕಿನ ಕೆಲಸದಲ್ಲಿ ಅಪಾಯವಿದೆ. ಮೇಡಂ ಅವರ ನಂತರ ಆ ಕಾಗದಕ್ಕೆ ಸಹಿ ಹಾಕುವವರು ಒಬ್ಬರಾದರೂ ಇದ್ದರೆ ನಡೆಯಲಿ, ಇಲ್ಲದಿದ್ದರೆ ಇಲ್ಲಿಗೆ ನಿಲ್ಲಲಿ. ಏಳು ಜನ ಅಧ್ಯಾಪಕರು ಮೇಜು ನೋಡುತ್ತ ಕುಳಿತರು. ಮುತ್ತುವೂ ಮೇಜನ್ನೇ ನೋಡಿದ. ಮೇಡಂ ಯಾರ ಮುಖವನ್ನೂ ನೋಡಲಿಲ್ಲ, ಯಾರನ್ನೂ ಬೇಡಲಿಲ್ಲ. ಹೊರಗೆ ಬಂದು ಇಷ್ಟೇ ಅಂದರು: "ಗುರುವಾರ ತಂಗಡಗಿಗೆ ಹೋಗೂದೈತಿ. ಹೊಸ ಹುಡುಗೂರಿಗೆ ತಿಳಸು."

ಗುರುವಾರ ಮುತ್ತು ಬಸ್ಸಿನ ಕೊನೆಯ ಸೀಟಿನಲ್ಲಿದ್ದ.

ಸಾತವ್ವನ ಕಣ್ಣು ಮಂಜಾಗಿವೆ, ಬಾಯಿ ಹಾಗೇ ಇದೆ. ಎಲ್ಲರಿಗೂ ನೀರು ತಂದುಕೊಟ್ಟವಳು ಆರನೆಯ ತರಗತಿಯ ಹುಡುಗಿ, ಅಂದಿನ ಕೂಸು. ಅವಳ ಕೈಯಿಂದ ಲೋಟ ಇಸಿದುಕೊಳ್ಳುವಾಗ ಮುತ್ತು ಅರ್ಧ ನೀರು ಚೆಲ್ಲಿದ. ಮೇಡಂ ಕಾಗದ ಓದಿದರು. ಮುಂದಿನ ವರ್ಷದಿಂದ ತಾವು ಕೆಲಸದಲ್ಲಿರುವುದಿಲ್ಲ ಎಂದರು.

"ಹಂಗಾದ್ರ ಇನ್ನ ಮುಂದ ಯಾರ್ ಬರದ ಕೊಡಾವ್ರು, ಬಾಯಾರ?"

"ನೋಡಬೇಕು ಯವ್ವಾ."

ಆ ಮಾತಿನಲ್ಲಿ ದಣಿವಿತ್ತು. ಮೂವತ್ತನಾಲ್ಕು ವರ್ಷಗಳಲ್ಲಿ ಮೇಡಂ ಅವರ ದನಿಯಲ್ಲಿ ಯಾರೂ ಕೇಳದಿದ್ದ ದಣಿವು. ಅದನ್ನು ಕೇಳಿದ ಮೇಲೆ ಮುತ್ತುವಿಗೆ ಕೂರಲಾಗಲಿಲ್ಲ.

"ಆಯಿ, ಆ ವಾಯರ್ ಬಿಚ್ಚಿದಾವ ನಾನs."

ಸಾತವ್ವ ಅವನನ್ನು ನೋಡಲಿಲ್ಲ. ಮೇಡಂ ಕಡೆಗೆ ತಿರುಗಿದಳು.

"ಹನ್ನೆರಡ ವರ್ಷ ಇವನ ಹೆಸರು ಹೇಳಲಿಲ್ಲ ನೀವು."

"ನೀವು ಕೇಳಿದ್ದಿಲ್ಲ."

"ಕೇಳಿದ್ರ ಬೈದು ಬೈದು ಇವನ ವಂಶಾನ ಜಾಲಾಡ್ತಿದ್ನಿ. ಅದಕ್ಕs ಕೇಳಲಿಲ್ಲ." ಆಮೇಲೆ ಅವನ ಕೈಗಾಗಿ ತಡಕಾಡಿ, ಹಿಡಿದು, ಕಾಗದದ ಮೇಲೆ ಇಟ್ಟಳು. "ಬರಿ. ನೀನs ಬರಿ. ಉಳದವ್ರು ಮರೀಬಹುದು, ನಿನಗ ಮರಿಯಂಗಿಲ್ಲ."

ಮೇಡಂ ಪರ್ಸಿನಿಂದ ತಮ್ಮ ಪೆನ್ನು ತೆಗೆದುಕೊಟ್ಟರು. ಕನ್ನಡಕ ಒರೆಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪೂಜ್ಯ ಮೇಡಂ, ತಮಗೆ ಗಟ್ಟಿ ಮೈ, ಚುರುಕು ಕಣ್ಣು, ಇದೇ ಖಾರದ ನಾಲಿಗೆ ಇನ್ನೂ ಬಹುಕಾಲ ಇರಲಿ. ನಾಲ್ಕೂ ತಾಲೂಕುಗಳ ಬಾಕಿನ ಮೇಲೆ ತಮಗೊಂದು ಜಾಗ ಯಾವತ್ತೂ ಹಿಡಿದಿಟ್ಟಿರುತ್ತೇವೆ. ಬಂದು ಕುಳಿತುಕೊಳ್ಳಿರಿ, ಜಾತಕಗಳನ್ನು ತಿರುವಿರಿ, ತಪ್ಪು ಕಂಡಲ್ಲಿ ಕಿವಿ ಹಿಂಡಿರಿ. ಚಿಂತೆಯನ್ನು ಮಾತ್ರ ಇನ್ನು ನಮಗೆ ಬಿಟ್ಟುಕೊಡಿರಿ. ಹೊಣೆ ನನ್ನದು.

ಮುತ್ತು ಸೋಮನಿಂಗ ಪೂಜಾರಿ