ಅಜ್ಜಿ ಓದುತ್ತಿದ್ದ ಎರಡಕ್ಷರ

ನಮ್ಮ ಅಜ್ಜಿಗೆ ಓದಲು ಬರುತ್ತಿದ್ದದ್ದು ಎರಡೇ ಅಕ್ಷರ. ಒಂದು ಮಾ, ಇನ್ನೊಂದು ಲಿ. ಮಗ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು, ಮೊಮ್ಮಗಳಾದ ನಾನು ಉಳಿದರ್ಧ ಬರೆಯುತ್ತಿರುವವಳು. ಅಂಥ ಮನೆಯ ಹಿರಿಯಳಿಗೆ ಎರಡೇ ಅಕ್ಷರವೇ ಎಂದು ಕೇಳಿದವರು ನಗುತ್ತಾರೆ. ನಗುವವರು ಬಂದು ಅವಳನ್ನು ಅರ್ಧ ಗಂಟೆ ಒಂದು ಕಡೆ ಕೂರಿಸಿ ನೋಡಲಿ. ಅಪ್ಪ ಒಮ್ಮೆ ಸ್ಲೇಟು ತಂದು, ಅ ಬರೆದು, ಆ ಬರೆಯಲು ಹೊರಟಾಗ ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಬೀದಿಯವರು ಅವಳನ್ನು ಕರೆಯುವುದೇ ಚಕ್ರದಜ್ಜಿ ಎಂದು.

ತಾತ ಊರಿನ ದೊಡ್ಡ ಕ್ರೀಡಾಂಗಣದ ಮಾಲಿ. ಹುಲ್ಲು ಬೆಳೆಸುವುದು, ಕತ್ತರಿಸುವುದು, ಗೆರೆಗೆ ಸುಣ್ಣ ಎಳೆಯುವುದು, ಗೇಟು ತೆಗೆಯುವುದು, ಶೌಚಾಲಯ ತೊಳೆಯುವುದು, ಎಲ್ಲ ಅವರ ತಲೆಗೇ. ಹುಲ್ಲಿನ ಮೇಲೆ ಚಪ್ಪಲಿ ಕಾಲಿಟ್ಟವರನ್ನು, ಎಂಥ ದೊಡ್ಡ ಮನುಷ್ಯರಾದರೂ, ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಜನ ಅದನ್ನು ಮಾಲಿ ಮೈದಾನ ಎನ್ನತೊಡಗಿದರು. ತಾತ ತೀರಿಕೊಂಡ ಮೇಲೆ ನಗರಸಭೆಯವರು ಬೇರೆ ಹೆಸರಿಗಾಗಿ ಮೂರು ಸಭೆ ನಡೆಸಿ, ಪರಸ್ಪರ ಜಗಳವಾಡಿ ಸುಸ್ತಾಗಿ, ಜನರ ಬಾಯಲ್ಲಿದ್ದದ್ದನ್ನೇ ಗೋಡೆಗೆ ಹಾಕಿದರು. ಕಬ್ಬಿಣದ ಸರಳಿಟ್ಟು ಸಿಮೆಂಟಿನಲ್ಲಿ ಎರಕ ಹೊಯ್ದ ಆಳೆತ್ತರದ ಅಕ್ಷರಗಳು. ಅದು ಅಪ್ಪನ ಮೊದಲ ದೊಡ್ಡ ಕೆಲಸ.

ಅಕ್ಷರ ಏರಿಸಿದ ದಿನ ಅಪ್ಪ ಕೆಳಗಿಳಿದು ಬಂದು ಬೆರಳು ಮಾಡಿ ತೋರಿಸಿದ. "ಅಮ್ಮ, ಅದು ಮಾ, ಪಕ್ಕದ್ದು ಲಿ. ಉಳಿದದ್ದು ಮೈದಾನ."

"ಎರಡೇನಾ?" ಅಜ್ಜಿಗೆ ಅಸಮಾಧಾನ. "ಮೂವತ್ತು ವರ್ಷ ಬೆನ್ನು ಬಗ್ಗಿಸಿದವರಿಗೆ ಎರಡೇ ಅಕ್ಷರನಾ?"

ಅಸಮಾಧಾನವಿದ್ದರೂ ಆ ಎರಡನ್ನು ಕಲಿತಳು. ಮಾರನೆಯ ದಿನದಿಂದ ಬೆಳಿಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟಿ ಹೊರಟು, ಗೇಟಿನ ಮುಂದೆ ನಿಂತು ತಲೆಯೆತ್ತಿ "ಮಾಲಿ" ಎಂದು ಗಟ್ಟಿಯಾಗಿ ಓದಿ, ಗೇಟಿನ ಸರಳು ಮುಟ್ಟಿ, ಹಿಂದಿರುಗುವುದು. ದಿನವೆಲ್ಲ ಸುತ್ತುವ ಅವಳ ಕಾಲು ಒಂದು ಗಳಿಗೆ ನಿಲ್ಲುತ್ತಿದ್ದದ್ದು ಅಲ್ಲಿ ಮಾತ್ರ. ನಾನು ಹುಟ್ಟುವ ಮೊದಲೇ ಶುರುವಾದ ಹಾಜರಿ ಅದು.

ಆ ಎರಡಕ್ಷರದ ವಿದ್ಯೆಯಿಂದ ಒಂದು ರಾದ್ಧಾಂತವೂ ಆಗಿತ್ತು. ಗೇಟಿನ ಪಕ್ಕದ ವಾಹನ ನಿಲ್ದಾಣದಲ್ಲಿ ಒಂದು ತಗಡಿನ ಬೋರ್ಡು: ವಾಹನಗಳಿಗೆ ಮಾಲೀಕರೇ ಜವಾಬ್ದಾರರು. ಅಜ್ಜಿಯ ಕಣ್ಣಿಗೆ ಅದರಲ್ಲಿ ಮಾಲಿ ಬಿತ್ತು. ಹಿಂದೆ ಮುಂದೆ ಇದ್ದದ್ದು ಅವಳ ಪಾಲಿಗೆ ಬರೀ ಗೀಟು. ಚೀಟಿ ಹರಿಯುವವನನ್ನು ಕರೆದು ಓದಿಸಿದಳು. ಅವನು ಬಾಯಲ್ಲಿ ಎಲೆ ಇಟ್ಟುಕೊಂಡು ಅರ್ಧ ನುಂಗಿ ಓದಿದ. ಇವಳಿಗೆ ಕೇಳಿಸಿದ್ದು ಮೊದಲ ಪದ, ಕೊನೆಯ ಪದ ಮಾತ್ರ.

"ಯಾರದೋ ಗಾಡಿ ಕಳೆದುಹೋದರೆ ನಮ್ಮ ಯಜಮಾನರು ಯಾಕಪ್ಪ ಜವಾಬ್ದಾರರು?" ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಸತ್ತವರ ತಲೆಗೆ ಕಟ್ಟೋದಕ್ಕೆ ನಾಚಿಕೆ ಆಗಲ್ವಾ ನಿಮಗೆ?"

ಅವನು ಬೆಪ್ಪಾಗಿ ನಿಂತ. ಅಪ್ಪ ಹೋಗಿ ಮಾಲಿ ಬೇರೆ, ಮಾಲೀಕ ಬೇರೆ ಎಂದು ಬಿಡಿಸಿ ಹೇಳಬೇಕಾಯಿತು. "ಹಾಗಾದ್ರೆ ನಮ್ಮವರ ಹೆಸರು ತಗೊಂಡು ಬಾಲ ಯಾಕೆ ಅಂಟಿಸಿದ್ದಾರೆ?" ಎಂದು ಅವಳು ತಿರುಗಿ ಕೇಳಿದಳು.

ಹೋದ ವರ್ಷ ಫ್ರಿಜ್ ಮಾಡುವ ಕಂಪನಿಯೊಂದು ಹತ್ತು ವರ್ಷಕ್ಕೆ ಕ್ರೀಡಾಂಗಣದ ಹೆಸರನ್ನು ಕೊಂಡುಕೊಂಡಿತು. ಜಾಗವನ್ನಲ್ಲ, ಹುಲ್ಲನ್ನಲ್ಲ, ಹೆಸರನ್ನು. ಈ ಸುದ್ದಿ ಕೇಳಿದ ದಿನದಿಂದ ನನಗೆ ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯದೆ ಮೈ ಪರಚಿಕೊಳ್ಳುವಂತಾಯಿತು. ಅಪ್ಪ ಕುಂಚ ತೊಳೆದದ್ದನ್ನೇ ತೊಳೆಯುತ್ತ, ಅಂಗಡಿಯ ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಿದ್ದ. ಅಜ್ಜಿಗೆ ಹೇಳಬಾರದು ಎಂದು ತೀರ್ಮಾನಿಸಿದೆವು. ಆದರೆ ಮನೆಯಲ್ಲಿ ಚಕ್ರ ಇರುವಾಗ ಉಳಿದ ಇಬ್ಬರೂ ತಿರುಗತೊಡಗಿದರೆ ಚಕ್ರಕ್ಕೆ ಗೊತ್ತಾಗದೇ ಇರುತ್ತದೆಯೇ?

ಕಂಪನಿಯ ಅಧಿಕಾರಿ ನಮ್ಮ ಅಂಗಡಿಗೇ ಬಂದ. ಇಸ್ತ್ರಿ ಕೆಡದ ಅಂಗಿ, ಬೆಣ್ಣೆಯಂಥ ಮಾತು. ಹೊಸ ಅಕ್ಷರಗಳು ಫ್ಯಾಕ್ಟರಿಯಿಂದ ಬರುತ್ತವೆ, ಒಳಗೆ ದೀಪ ಉರಿಯುತ್ತದೆ. ಹಳೆಯದನ್ನು ಕೀಳುವುದು ಮತ್ತು ಆವರಣದ ಸಣ್ಣಪುಟ್ಟ ಬೋರ್ಡುಗಳನ್ನು ಕಂಪನಿಯ ನೀಲಿಯಲ್ಲಿ ಬರೆಯುವುದು ನಮಗಂತೆ.

"ಪರಂಪರೆ ಕಳೆದುಹೋಗಬಾರದು ಅಂತ ನಮಗೂ ಇದೆ ಸರ್," ಎಂದ. "ಹೊಸದಾಗಿ ಶೌಚಾಲಯದ ಕಟ್ಟಡ ಕಟ್ತಿದ್ದೀವಿ. ಅದಕ್ಕೆ ಮಾಲಿ ಅಂತ ಹೆಸರಿಡೋಣ. ಚೆನ್ನಾಗಿರತ್ತೆ."

ನಾನು ಬಣ್ಣದ ಡಬ್ಬ ಎತ್ತಿಕೊಂಡದ್ದು ನಿಜ. ಅಪ್ಪ ನನ್ನ ಕೈ ಹಿಡಿದು, ಅವನ ಕಡೆ ತಿರುಗಿ "ಕೀಳೋ ಕೆಲಸ ನಾನೇ ಮಾಡ್ತೀನಿ. ಆ ಹೆಸರು ಮಾತ್ರ ಬೇಡ," ಎಂದ. ತಾನು ಕೂರಿಸಿದ ಅಕ್ಷರಕ್ಕೆ ಬೇರೆಯವರ ಸುತ್ತಿಗೆ ತಾಗಬಾರದು ಎನ್ನುವುದು ಅವನ ಹಟ.

ವಿಷಯ ತಿಳಿದ ಅಜ್ಜಿ ಅಳಲಿಲ್ಲ, ಕೂಗಲಿಲ್ಲ. ಶೌಚಾಲಯದ ಮಾತು ಕೇಳಿ ಮಾತ್ರ ಮಗನನ್ನು ತರಾಟೆಗೆ ತೆಗೆದುಕೊಂಡಳು. "ಬೇಡ ಅನ್ನೋದಕ್ಕೆ ನೀನ್ಯಾರೋ? ಅದನ್ನೂ ತೊಳೆದವರೇ ತಾನೆ ಅವರು? ಅಲ್ಲಾದರೂ ಇರ್ತಿತ್ತು." ಅಪ್ಪನಿಗಿಂತ ನನಗೇ ಹೆಚ್ಚು ಚುಚ್ಚಿತು, ಏಕೆಂದರೆ ಡಬ್ಬ ಎತ್ತಿದವಳು ನಾನು.

ಅಕ್ಷರಗಳನ್ನು ಇಡಿಯಾಗಿ ಇಳಿಸಿ ಮನೆಗೆ ತರುವ ಯೋಚನೆ ನಮ್ಮದು. ಅಟ್ಟಣಿಗೆ ಕಟ್ಟಿ, ಹಗ್ಗ ಬಿಗಿದು, ಉಳಿ ಇಟ್ಟೆವು. ಕೆಳಗೆ ಅಜ್ಜಿ ಗೇಟಿನಿಂದ ಕಂಬಕ್ಕೆ, ಕಂಬದಿಂದ ಗೇಟಿಗೆ ನಡೆಯುತ್ತ "ಮಾ ಬಂತೇನೋ? ಲಿ ಬಂತೇನೋ?" ಎಂದು ಕೇಳುತ್ತಲೇ ಇದ್ದಳು. ಯಾವುದೂ ಬರಲಿಲ್ಲ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿತ್ತು. ಮೂರನೆಯ ಏಟಿಗೆ ಎರಡೂ ಬಳಪದ ಹಾಗೆ ಮುರಿದು ಚೂರಾಗಿ ಬಿದ್ದವು. ಅಪ್ಪ ಅಟ್ಟಣಿಗೆಯ ಮೇಲೆ ಕುಸಿದು ಕುಳಿತ. ನಾನು ಅವನನ್ನು ಅಷ್ಟು ಮುದುಕನಾಗಿ ನೋಡಿದ್ದು ಅದೇ ಮೊದಲು.

ಸಂಜೆಯೇ ಒಂದು ಹಲಗೆಯ ಮೇಲೆ ಅಚ್ಚುಕಟ್ಟಾಗಿ ಮಾಲಿ ಎಂದು ಬರೆದು ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಅಜ್ಜಿ ನೋಡಿ ಮೂಗು ಮುರಿದಳು. "ಮನೇಲಿ ಯಾಕೆ? ಅವರು ಮನೇಲಿ ಯಾವತ್ತಿದ್ದರು? ಇರ್ತಿದ್ದದ್ದೆಲ್ಲ ಅಲ್ಲೇ." ಹಲಗೆಯನ್ನು ತೆಗೆದು ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಹೊರಟವಳು ಹತ್ತು ಗಂಟೆಯಾದರೂ ಬರಲಿಲ್ಲ. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹುಡುಕಿದೆವು. ಗೇಟಿನ ಬಳಿ ಇಲ್ಲ, ಮಾರುಕಟ್ಟೆಯಲ್ಲಿ ಇಲ್ಲ. ಕೊನೆಗೆ ನನಗೆ ಸಿಕ್ಕಿದ್ದು ಊರಾಚೆಯ ಬಸ್ ಡಿಪೋದಲ್ಲಿ, ಚಪ್ಪಲಿ ಕಿತ್ತುಹೋಗಿ, ಇನ್ನೂ ನಡೆಯುತ್ತಲೇ.

"ಎಲ್ಲಿಗಜ್ಜಿ ಹೊರಟಿದ್ದೆ?"

"ಎಲ್ಲಿ ತಿರುಗಬೇಕು ಅಂತ ಗೊತ್ತಾಗಲಿಲ್ಲ ಕಣೇ," ಎಂದಳು. "ಗೇಟು ಬಂದರೆ ತಿರುಗಬೇಕು. ಗೇಟು ಬರಲೇ ಇಲ್ಲ."

ಗೇಟು ಅಲ್ಲೇ ಇತ್ತು. ಅದರ ನೆತ್ತಿಯ ಮೇಲೆ ರಾತ್ರೋರಾತ್ರಿ ಏರಿಸಿದ, ನಾಲಗೆ ಹೊರಳದ ಒಂದು ಹೆಸರು ಹಗಲಲ್ಲೂ ಉರಿಯುತ್ತಿತ್ತು, ಅಷ್ಟೇ. ಒಂದೇ ವಾರದಲ್ಲಿ ಹೀಗೆ ಮೂರು ಸಲ ಆಯಿತು. ಅಪ್ಪ ಬಾಗಿಲಿಗೆ ಚಿಲಕ ಹಾಕಿದರೆ ಒಳಗೇ ಸುತ್ತುತ್ತಿದ್ದಳು, ಊಟಕ್ಕೂ ಕೂರದೆ. ಹೀಗೇ ಆದರೆ ಒಂದು ದಿನ ಯಾವುದಾದರೂ ಗಾಡಿಯ ಕೆಳಗೆ ಸಿಕ್ಕುತ್ತಾಳೆ ಎಂದು ನನಗೆ ಹೆದರಿಕೆ. ಚಿಲಕದ ಸದ್ದಿಗೆ ಅಪ್ಪನೇ ಬೆಚ್ಚುತ್ತಿದ್ದ.

ಆ ವಾರದ ಕೊನೆಗೆ ವಾಹನ ನಿಲ್ದಾಣದ ಬೋರ್ಡಿನ ಸರದಿ ಬಂತು. ಮಧ್ಯಾಹ್ನ ಬಿಸಿಲಲ್ಲಿ ಏಣಿ ಹತ್ತಿ ನೀಲಿ ಬಳಿದೆ. ಬಿಳಿಯಲ್ಲಿ ವಾಹನಗಳಿಗೆ ಎಂದು ಬರೆದೆ. ಮಾ ಬರೆದೆ. ಮುಂದಿನ ಅಕ್ಷರಕ್ಕೆ ಬಂದಾಗ ಕುಂಚ ತಾನಾಗಿ ನಿಂತಿತು. ದೀರ್ಘ ಎಳೆಯಲಿಲ್ಲ. ಬರೀ ಲಿ ಬರೆದು, ಒಂದು ಗೇಣು ಜಾಗ ಬಿಟ್ಟು, ಆಮೇಲೆ ಕರೇ ಎಂದು ಸಣ್ಣದಾಗಿ ಬರೆದೆ. ವಾಹನಗಳಿಗೆ ಮಾಲಿ ಕರೇ ಜವಾಬ್ದಾರರು. ನಮ್ಮ ಅಂಗಡಿಯಿಂದ ತಪ್ಪು ಬೋರ್ಡು ಹೊರಬಿದ್ದದ್ದೇ ಇಲ್ಲ. ಚಿಕ್ಕವಳಿದ್ದಾಗ ಒಂದು ಒತ್ತಕ್ಷರ ಬಿಟ್ಟಿದ್ದಕ್ಕೆ ಅಪ್ಪ ನನ್ನ ಜೊತೆ ಎರಡು ದಿನ ಮಾತಾಡಿರಲಿಲ್ಲ.

ಅಪ್ಪ ಬಂದು ಏಣಿಯ ಬುಡದಲ್ಲಿ ನಿಂತ. ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ನಾನು ಅಳಿಸುವ ಬಟ್ಟೆಗೆ ಕೈ ಹಾಕಿದೆ.

"ಮುಟ್ಟಬೇಡ," ಎಂದ. "ಒಣಗಲಿ."

ಅಧಿಕಾರಿ ಬಂದು ಬಣ್ಣದ ಕಾರ್ಡನ್ನು ಬೋರ್ಡಿಗೆ ಹಿಡಿದು, ನೀಲಿಗೆ ನೀಲಿ ತಾಳೆ ನೋಡಿ, "ಪರ್ಫೆಕ್ಟ್," ಎಂದು ಹೋದ.

ಬೆಳಿಗ್ಗೆ ಆರೂವರೆಗೆ ನಾನೇ ಚಿಲಕ ತೆಗೆದೆ. ಅಜ್ಜಿ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಉರಿಯುವ ಹೆಸರಿನ ಕೆಳಗೆ ಅವಳ ಕಾಲು ನಿಲ್ಲಲಿಲ್ಲ. ದಾಟಿಯೇಬಿಟ್ಟಳು. ವಾಹನ ನಿಲ್ದಾಣದ ಮುಂದೆ ಹೆಜ್ಜೆ ನಿಧಾನವಾಯಿತು. ತಲೆಯೆತ್ತಿದಳು.

"ಮಾಲಿ," ಎಂದು ಗಟ್ಟಿಯಾಗಿ ಓದಿದಳು.

ನಿಂತೇ ಇದ್ದಳು. ಬಳಿಕ ಬೋರ್ಡಿನ ಕಂಬವನ್ನು ಮುಟ್ಟಿ, ನನ್ನ ಕಡೆ ತಿರುಗಿ ಕೇಳಿದಳು. "ಗಾಡಿಗಳಿಗೆ ಜವಾಬ್ದಾರಿ ಅಂತ ಬರೀತಾರಲ್ಲ, ಅದೇ ಬೋರ್ಡಲ್ವೇನೇ ಇದು?"

"ಅದೇ ಅಜ್ಜಿ."

"ನೋಡಿದ್ಯಾ ಇವರನ್ನ? ಹೆಸರು ಕಿತ್ತುಕೊಂಡರು, ಜವಾಬ್ದಾರಿ ಮಾತ್ರ ನಮ್ಮವರ ತಲೆ ಮೇಲೇ ಬಿಟ್ಟರು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, ಮನೆಯ ಕಡೆ ತಿರುಗಿದಳು.