ಆಯಿ ಕೊಟ್ಟ ಎಳ್ಳಮಾಸಿಯ ಪಲ್ಲೆ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ವರ್ಷಪೂರ್ತಿ ಹಸಿರಾಗಿರುತ್ತಿತ್ತು. ಮೆಂತ್ಯೆ, ರಾಜಗಿರಿ, ಪುಂಡಿ ಅಂತ ದಿನವೂ ಏನಾದರೊಂದು ಸೊಪ್ಪು ಚಿವುಟಿ ಚಿವುಟಿ ಆ ಬಣ್ಣ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಚಿವುಟಿದ ಎಲೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಆಮೇಲೆಯೇ ಬುಟ್ಟಿಗೆ ಹಾಕುವುದು ಅವಳ ರೂಢಿ. ಆ ಬೆರಳು ನೆನಪಾದಾಗ ನನಗೆ ಮೊದಲು ಬರುವುದು ಅಂಜಿಕೆ. ಪ್ರೀತಿ ಅದರ ಹಿಂದಿನಿಂದ ಬರುತ್ತದೆ.

ಅವಳು ನನ್ನ ಬಂಧುವಲ್ಲ. ಶಾಲೆಯ ನೌಕರಿಗೆಂದು ಖಜೂರಿಯಿಂದ ಜೇವರ್ಗಿಗೆ ಬಂದು ಬಾಡಿಗೆ ಮನೆ ಹಿಡಿದಾಗ ಪಕ್ಕದ ಮನೆಯಲ್ಲಿದ್ದ ಮುದುಕಿ. ಅಫಜಲಪುರದ ಕಡೆ, ಭೀಮಾ ದಂಡೆಯ ಊರು ಅವಳ ತವರು. ಮಗನ ಮನೆಯ ಹಿತ್ತಲಲ್ಲಿ ನಾಲ್ಕು ಮಡಿ ಮಾಡಿಕೊಂಡು ಕಾಯಿಪಲ್ಲೆ ಬೆಳೆಯುತ್ತಿದ್ದಳು. ಇಡೀ ಓಣಿಗೆ ಅವಳು ಆಯಿ. ನಾನು ಸಾಮಾನು ಇಳಿಸುತ್ತಿದ್ದ ದಿನವೇ ಬಾಗಿಲಿಗೆ ಬಂದು, ಹೆಸರು ಕೇಳುವ ಮೊದಲು, "ನಿಂಗ ಹುಳಿ ಸೇರ್ತದೋ, ಖಾರ ಸೇರ್ತದೋ?" ಎಂದು ಕೇಳಿದ್ದಳು. ಹುಳಿ ಅಂದೆ. ಸಂಜೆಗೆ ಒಂದು ಕಟ್ಟು ಪುಂಡಿಪಲ್ಲೆ ಬಂತು.

ಹಬ್ಬಕ್ಕೆ ಜನ ಕುಪ್ಪಸದ ಬಟ್ಟೆ ಕೊಡುತ್ತಾರೆ, ಪೇಡೆಯ ಡಬ್ಬಿ ಕೊಡುತ್ತಾರೆ. ಆಯಿ ಕಾಯಿಪಲ್ಲೆ ಕೊಡುತ್ತಿದ್ದಳು. ಅದೂ ಎಲ್ಲರಿಗೂ ಒಂದೇ ಅಲ್ಲ. ಎದುರುಮನೆಯ ಕಂಪೌಂಡರ್ ರಿಟೈರ್ ಆದಮೇಲೆ ಅಡಿಗೆಯ ಹುಚ್ಚು ಹಿಡಿಸಿಕೊಂಡಿದ್ದರು. ಅವರಿಗೆ ಎಣ್ಣೆಗಾಯಿಗೆಂದು ಒಂದೇ ಅಳತೆಯ ಮುಳ್ಳುಬದನೆ. ಟೇಲರನ ಹೆಂಡತಿಗೆ ಹಾಗಲಕಾಯಿ, ಯಾಕೆಂದರೆ ಆ ಮನೆಯಲ್ಲಿ ಅದನ್ನು ತಿನ್ನುವವಳು ಅವಳೊಬ್ಬಳೇ, ತನಗಾಗಿ ಅವಳು ಎಂದೂ ಕೊಳ್ಳುತ್ತಿರಲಿಲ್ಲ. ನನ್ನ ಸೋಮಾರಿತನ ಗೊತ್ತಿದ್ದರಿಂದ ನನಗೆ ಸೋಸಿದ ಸೊಪ್ಪು, ಜೊತೆಗೆ ಒಂದು ವರ್ಷ ಬೇಯಿಸಿದ ಸೊಪ್ಪಿನ ಭಜ್ಜಿ ಮಸೆಯಲು ಕಟ್ಟಿಗೆಯ ಕಡಗೋಲು. "ಸೀರಿ ಕೊಟ್ರ ಟ್ರಂಕಿನ್ಯಾಗ ಇಡ್ತೀರಿ. ಇದನ್ನ ಕೊಟ್ರ ನಾಳಿಗೆ ನಿಮ್ಮ ಮೈಯಾಗ ಇರ್ತದ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕೊಡುಗೆ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ ದೇವರಿಗೆ ಎಡೆ ಮಾಡಿ, ಆ ಅಡಿಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಉಂಡು ಬರಬೇಕು. ಸಜ್ಜೆ ರೊಟ್ಟಿ, ಕಡಬು ಏನೇ ಇರಲಿ, ಸಿಕ್ಕ ಸೊಪ್ಪು, ಕಾಯಿ, ಹಸಿ ಕಾಳುಗಳನ್ನೆಲ್ಲ ಕೂಡಿಸಿ ಮಾಡುವ ಭಜ್ಜಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಓಣಿಯ ನಾಲ್ಕಾರು ಮನೆಗೆ ಭಜ್ಜಿಯ ಸೊಪ್ಪು ಆಯಿಯದೇ.

ಅವಳ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ಮಗ ಹೇಳಿ ಸೋತಿದ್ದ. "ಕಣ್ಣಾಗ ಕತ್ತರಿ ಆಡಿಸ್ತಾರಂತ ಬೇ. ನಾ ಒಲ್ಲೆ. ನನ್ನ ಕಣ್ಣು ಬೆರಳಾಗ ಅವ, ಮೂಗಿನ್ಯಾಗ ಅವ" ಎಂದು ನನ್ನ ಹತ್ತಿರ ನಕ್ಕಿದ್ದಳು. ನಾನೂ ನಕ್ಕೆ. ಆ ವರ್ಷ ಅವಳ ಮಡಿಗೆ ಯಾರದೋ ತಿಪ್ಪೆಯ ಹೊಸ ಗೊಬ್ಬರ ಬಿದ್ದಿತ್ತು. ಹಬ್ಬದ ವಾರ ಅವಳಿಗೆ ಕೆಟ್ಟ ನೆಗಡಿ.

ಹಬ್ಬದ ದಿನ ನಾನು ತಡವಾಗಿ ಎದ್ದೆ. ಸೋಮಾರಿತನ ಜೀವ ಉಳಿಸಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಸೊಪ್ಪಿನ ಕಟ್ಟು ಬಿಚ್ಚಿದಾಗ ರಾಜಗಿರಿಯ ನಡುವೆ ಒಂದು ಎಲೆ ಬೇರೆಯಾಗಿ ಕಂಡಿತು. ಅಗಲ, ಅಂಚು ವಕ್ರವಕ್ರ. ಹಾಗೇ ಹಿಡಿದುಕೊಂಡು ಆಯಿಯ ಹತ್ತಿರ ಹೋದೆ. ಅವಳು ತಿಕ್ಕಿ ಮೂಗಿಗೆ ಹಿಡಿದಳು. ಮತ್ತೆ ತಿಕ್ಕಿದಳು. ಕಣ್ಣಿನ ಹತ್ತಿರ ತಂದಳು.

"ನನಗ ತಿಳಿವಲ್ದು. ನೀ ವಾಸನಿ ನೋಡು" ಎಂದಳು.

ಮೂಸಿದೆ. ಹೊಟ್ಟೆ ತೊಳಸುವ ನಾತ. ಹಾಗೆ ಹೇಳಿದ ಕೂಡಲೇ ಅವಳು ಆ ಎಲೆಯನ್ನು ನನ್ನ ಕೈಯಿಂದ ಕಿತ್ತು ಎಸೆದಳು.

"ಮದಗುಣಕಿ" ಎಂದಳು. "ಎಲ್ಲಾರ ಮನಿಗೂ ಕೊಟ್ಟೇನಲ್ಲ ಬೇ."

ಮದಗುಣಕಿ ಅಂದರೆ ದತ್ತೂರಿ. ಆ ಹೊಸ ಗೊಬ್ಬರದಲ್ಲಿ ಅದರ ಬೀಜ ಬಂದಿರಬೇಕು. ತಿಂದವರಿಗೆ ಬಾಯಿ ಒಣಗುತ್ತದೆ, ಬುದ್ಧಿ ಕೆಡುತ್ತದೆ, ಹೆಚ್ಚಾದರೆ ಜೀವವೇ ಹೋಗುತ್ತದೆ. ಇಬ್ಬರೂ ಓಡಿದೆವು, ಆಯಿ ಚಪ್ಪಲಿಯನ್ನೂ ಹಾಕಲಿಲ್ಲ. ಕಂಪೌಂಡರ್ ಇನ್ನೂ ಕಾಳು ಸುಲಿಯುತ್ತಿದ್ದರು. ಟೇಲರನ ಹೆಂಡತಿಯ ಪಾತ್ರೆ ಒಲೆಯ ಮೇಲಿತ್ತು. ಅವಳು ಒಂದು ಮಾತೂ ಕೇಳದೆ ಎತ್ತಿ ಬಚ್ಚಲಿಗೆ ಸುರಿದಳು. ಓಣಿಯ ಕೊನೆಯ ಮೂಲೆಮನೆಗೆ ಮಾತ್ರ ಬೀಗ. ಅವರು ಬೆಳಗಾಗುವ ಮೊದಲೇ ಅಡಿಗೆ ಮಾಡಿ, ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ಆ ಮನೆಯ ಸೊಸೆ ತುಂಬಿದ ಬಸುರಿ. ಅವಳಿಗೆಂದೇ ಆಯಿ ಎಳೆಯದು ಆರಿಸಿ ದೊಡ್ಡ ಕಟ್ಟು ಕೊಟ್ಟಿದ್ದಳು. ಫೋನು ಹಚ್ಚಿದೆ, ಹತ್ತಲಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಎಲ್ಲಿಯದು?

ಆಟೋ ಸಿಕ್ಕಿತು. ವಿಜಯಪುರದ ರಸ್ತೆಯಲ್ಲಿ ಸ್ವಲ್ಪ ದೂರ, ಆಮೇಲೆ ಎರೆಮಣ್ಣಿನ ದಾರಿ. ಆಯಿ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಎಷ್ಟು ಬಿಗಿಯಾಗಿ ಅಂದರೆ ಬಳೆ ಒಡೆದು ಚುಚ್ಚಿದ್ದು ನನಗೆ ಆಮೇಲೆ ಗೊತ್ತಾಯಿತು. "ಜಲ್ದಿ ನಡಿಯಪ್ಪಾ, ಜಲ್ದಿ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ದಾರಿಯುದ್ದಕ್ಕೂ ಹಬ್ಬದ ಟ್ರ್ಯಾಕ್ಟರುಗಳು, ಹೊಸ ಸೀರೆಯ ಹೆಂಗಸರು. ನಗುವ ಒಂದೊಂದು ಮುಖ ಕಂಡಾಗಲೂ ನನಗೆ ಹೆದರಿಕೆ ಹೆಚ್ಚಾಯಿತು.

ತೆನೆ ಹಾಕಿದ ಜೋಳದ ಪಕ್ಕ, ಬನ್ನಿಗಿಡದ ಕೆಳಗೆ ಮೂಲೆಮನೆಯವರು ಜಮಖಾನೆ ಹಾಸಿದ್ದರು. ಸುಣ್ಣ ಹಚ್ಚಿದ ಐದು ಕಲ್ಲು ಪಾಂಡವರೆಂದು ಕೂತಿದ್ದವು. ಗಂಡಸರು ಚರಗ ಚೆಲ್ಲಲು ಹೊಲದ ಸುತ್ತ ಹೋಗಿದ್ದರು, ದೂರದಿಂದ ಅವರ ಕೂಗು ಕೇಳುತ್ತಿತ್ತು. ಸೊಸೆ ಪ್ಲೇಟು ಹಿಡಿದು ಕೂತಿದ್ದಳು, ಅತ್ತೆ ಭಜ್ಜಿಯ ಪಾತ್ರೆಗೆ ಸೌಟು ಹಾಕಿದ್ದಳು. ಆಯಿ ಆಟೋದಿಂದ ಇಳಿದವಳೇ ಓಡಿದಳು. ನೆಟ್ಟಗೆ ಹೋಗಿ ಪಾತ್ರೆಯನ್ನು ಎರಡೂ ಕೈಯಿಂದ ಮಣ್ಣಿಗೆ ಬೋರಲು ಹಾಕಿದಳು. ಒಂದು ದಂಟನ್ನೂ ಬಿಸಾಡದ ಹೆಂಗಸು ಅವಳು.

"ಆಯಿ, ಹುಚ್ಚು ಹಿಡಿದದೇನ್ರಿ ನಿಮಗ? ಹಬ್ಬದ ದಿನ!" ಅತ್ತೆ ಕೆಂಡವಾದಳು. ನಾನು ಏದುಸಿರು ಬಿಡುತ್ತ ವಿಷಯ ಹೇಳಿದೆ.

"ಯಾರರ ತಿಂದೀರೇನು?" ಆಯಿ ಕೇಳಿದಳು.

"ಎಡಿ ಈಗ ಆಗೇದ, ಅದಕ್ಕಿಂತ ಮೊದಲ ಯಾರರ ಬಾಯಿಗೆ ಹಾಕ್ತಾರೇನ್ರಿ? ನಮ್ಮನ್ನ ಏನಂತ ತಿಳಿದೀರಿ?" ಅತ್ತೆ ಮುಖ ತಿರುಗಿಸಿದಳು.

ನನಗೆ ಹೋದ ಜೀವ ಬಂದಂತಾಯಿತು. ಆಯಿ ಮಾತ್ರ ಹೊರಡಲಿಲ್ಲ. ಅಲ್ಲೇ ಕೂತು ಅತ್ತೆ ಅತ್ತಿತ್ತ ಓಡಾಡುವುದಕ್ಕೆ ಕಿವಿಗೊಟ್ಟಳು. ಅತ್ತೆ ಸೊಸೆಯ ಹತ್ತಿರ ನೀರು ಕೇಳಿ ಕುಡಿದಳು. ತುಸು ಹೊತ್ತಿಗೆ ಮತ್ತೆ ಕೇಳಿದಳು. ಆ ಚಳಿಗಾಲದ ಮುಂಜಾನೆ, ನೆರಳಲ್ಲಿ ಮೈ ನಡುಗುವ ಹೊತ್ತಿನಲ್ಲಿ, ಮತ್ತೂ ಒಂದು ಸಲ ತಂಬಿಗೆ ಎತ್ತಿದಳು.

ಆಯಿ ಅವಳ ಕೈ ಹಿಡಿದಳು. "ಖರೆ ಹೇಳು ತಂಗಿ. ಉಪ್ಪು ನೋಡಿದಿಯೇನು?"

ಎಡೆಯ ಅಡಿಗೆಯ ರುಚಿ ನೋಡುವುದು ನಮ್ಮಲ್ಲಿ ದೊಡ್ಡ ತಪ್ಪು. ಸೊಸೆಯ ಎದುರಿಗೆ ಆ ಮಾತು ಒಪ್ಪುವುದಕ್ಕಿಂತ ಸಾಯುವುದು ಸಲೀಸು ಅನಿಸಿರಬೇಕು ಆಕೆಗೆ. ತಲೆ ತಗ್ಗಿಸಿದಳು. "ಒಂದ್ ಚಮಚ ಆಯಿ... ಎರಡ್ ಇರಬೇಕು. ಉಪ್ಪು ಕಮ್ಮಿ ಅನಿಸ್ತು."

"ತಪ್ಪು ನಿಂದಲ್ಲ, ನಂದು. ಏಳು" ಎಂದಳು ಆಯಿ.

ವಾಪಸು ಬರುವಾಗ ಅತ್ತೆಯ ಮುಖ ಕೆಂಪೇರಿತ್ತು. ಕಣ್ಣಿನ ಕಪ್ಪು ಅಗಲವಾಗಿತ್ತು. ಆಟೋದೊಳಗೆ ಇಲ್ಲದ ಆಡನ್ನು ಹುಶ್ ಹುಶ್ ಎಂದು ಓಡಿಸುತ್ತಿದ್ದಳು. ಅಂಥ ಅಂಜಿಕೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ದವಾಖಾನೆಯಲ್ಲಿ ಹೊಟ್ಟೆ ತೊಳೆದರು, ಸಲಾಯಿನ್ ಹಚ್ಚಿದರು. ಆಕೆ ತನ್ನ ಸೊಸೆಯ ಹೆಸರು ಸರಿಯಾಗಿ ಹೇಳುವವರೆಗೂ ಆಯಿ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ಯಾರು ಕರೆದರೂ ಬೆಂಚಿನ ಮೇಲೆ ಕೂರಲಿಲ್ಲ.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪ್ಯಾಟಿಯಿಂದ ತಂದೇವ್ರಿ ಆಯಿ, ಯಾಕ ತ್ರಾಸ ತಗೋತೀರಿ" ಎಂದು ಎಲ್ಲರೂ ನಯವಾಗಿ ನಕ್ಕರು. ಆಯಿಯ ಸೊಪ್ಪು ಹಿತ್ತಲಲ್ಲೇ ಬಲಿತು ಹೂಬಿಟ್ಟಿತು. ಆ ಬೇಸಿಗೆಯಲ್ಲಿ ಅವಳಾಗಿಯೇ ಕಣ್ಣಿನ ಆಪರೇಷನ್ನಿಗೆ ಹೊರಟಳು. ಜೊತೆಗೆ ಹೋದವಳು ನಾನು. ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡಳು. "ಅಂಜಿಕಿ ಬರ್ತದ ಬೇ. ಆದ್ರ ಆ ಹುಡುಗಿ ಪ್ಲೇಟು ಹಿಡ್ಕೊಂಡು ಕುಂತಿದ್ದು ನೆನಸ್ಕೊಂಡ್ರ ಇದು ಕಮ್ಮಿ ಅಂಜಿಕಿ" ಎಂದು ಒಳಗೆ ಹೋದಳು.

ಮುಂದಿನ ಎಳ್ಳಮಾಸಿ ಹತ್ತಿರ ಬಂದಾಗ ಮೂಲೆಮನೆಯ ಸೊಸೆ ಕೂಸನ್ನು ಎತ್ತಿಕೊಂಡು ಬಂದು, "ಆಯಿ, ಈ ವರ್ಷ ನಮಗ ಪಲ್ಲೆ ಕೊಡಂಗಿಲ್ಲೇನ್ರಿ?" ಎಂದಳು. ಆಯಿ ಆ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡಳು. ಆಮೇಲೆ ಕೊಟ್ಟಳು, ಆದರೆ ತನ್ನದೊಂದು ಕಟ್ಟಳೆ ಮಾಡಿಕೊಂಡು. ಹಬ್ಬದ ಹಿಂದಿನ ದಿನ ಎಲ್ಲ ಕಟ್ಟುಗಳಿಂದಲೂ ಒಂದೊಂದು ಹಿಡಿ ತೆಗೆದು ಬೇಯಿಸಿ ತಾನೊಬ್ಬಳೇ ತಿನ್ನುವುದು. ಮರುದಿನ ಬೆಳಿಗ್ಗೆ ಹಂಚುವುದು.

"ಮುಂಜಾನಿ ನಾ ಎದ್ದು ಬಂದ್ರ ಪಲ್ಲೆ ಚಲೋ ಅದ ಅಂತ ತಿಳೀರಿ. ಏಳಲಿಲ್ಲಂದ್ರ ಮುಟ್ಟಬ್ಯಾಡ್ರಿ" ಎನ್ನುತ್ತಿದ್ದಳು. ಓಣಿ ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ. ಪ್ರತಿ ಎಳ್ಳಮಾಸಿಯ ಬೆಳಿಗ್ಗೆ ಅವಳ ಬಾಗಿಲ ಚಿಲಕದ ಸದ್ದು ಕೇಳುವವರೆಗೆ ನಾನು ಚಹಾಕ್ಕೂ ಇಡುತ್ತಿರಲಿಲ್ಲ.

ಹೋದ ವರ್ಷ ಚಿಲಕದ ಸದ್ದು ಕೇಳಲಿಲ್ಲ.

ನಿದ್ದೆಯಲ್ಲೇ ಎದೆ ನಿಂತಿದೆ, ವಯಸ್ಸು ಎಂದರು ಡಾಕ್ಟರು. ಕಣ್ಣು ಬಿಚ್ಚಿ ನೋಡಿ, ವಿಷದ ಗುರುತು ಯಾವುದೂ ಇಲ್ಲ ಎಂದರು. ಆದರೆ ಅವಳ ಕಟ್ಟೆಯ ಮೇಲೆ ಒದ್ದೆ ಗೋಣಿತಟ್ಟಿನ ಕೆಳಗೆ ಕಟ್ಟುಗಳು ಸಾಲಾಗಿದ್ದವು. ಕಂಪೌಂಡರಿಗೆ ಮುಳ್ಳುಬದನೆಯೂ, ಟೇಲರನ ಹೆಂಡತಿಗೆ ಹಾಗಲಕಾಯಿಯೂ ಪಕ್ಕದಲ್ಲಿದ್ದವು. ಅಳಲು ಬಂದ ಹೆಂಗಸರು ಆ ಗೋಣಿತಟ್ಟಿನಿಂದ ದೂರ ನಿಂತು ಅತ್ತರು. "ಆಕಿನೇ ಹೇಳಿದ್ಲಲ್ಲ" ಎಂದು ಯಾರೋ ಅಂದರು. ಮಣ್ಣು ಮಾಡಿ ಬಂದ ಮರುದಿನ ಮಗ ಅವನ್ನೆಲ್ಲ ತಿಪ್ಪೆಗೆ ಹಾಕಲು ಬುಟ್ಟಿ ತಂದ.

ನಾನು ಬೇಡ ಅಂದೆ. ಅವಳು ಕೊಟ್ಟ ಕೊನೆಯ ಪಲ್ಲೆ ವಿಷ ಅನಿಸಿಕೊಳ್ಳುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಎಲ್ಲ ಕಟ್ಟುಗಳಿಂದ ಒಂದೊಂದು ಹಿಡಿ ತೆಗೆದೆ. ಬಿಸಿಲಿಗೆ ಹಿಡಿದು ಒಂದೊಂದೇ ಎಲೆ ನೋಡಿದೆ, ತಿಕ್ಕಿ ಮೂಸಿದೆ. ಏನೂ ಇರಲಿಲ್ಲ. ಅಂಜಿಕೆ ಮಾತ್ರ ಹೋಗಲಿಲ್ಲ. ಬೇಯಿಸಿದೆ, ಅವಳೇ ಕೊಟ್ಟಿದ್ದ ಕಡಗೋಲಿನಿಂದ ಮಸೆದೆ, ಅವಳ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕಾಣುವಂತೆ ತಿಂದೆ.

ಆಮೇಲೆ ಕಾಯುತ್ತ ಕೂತೆ. ನನ್ನ ಬಾಯಿ ಒಣಗತೊಡಗಿತು. ಮದಗುಣಕಿ ತಿಂದರೂ ಬಾಯಿ ಒಣಗುತ್ತದೆ, ಅಂಜಿದರೂ ಒಣಗುತ್ತದೆ. ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ನೀರು ಬೇಕಿತ್ತು. ಆದರೆ ಬಾಗಿಲುಬಾಗಿಲಲ್ಲಿ ನಿಂತವರ ಎದುರು ನೀರು ಕೇಳುವಂತಿರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿತ್ತು. ಹೊತ್ತು ಇಳಿಯುವವರೆಗೂ ಹಾಗೇ ಕೂತಿದ್ದೆ.

ಬಿಸಿಲು ಕಟ್ಟೆ ಬಿಟ್ಟು ಸರಿದಾಗ ಮೂಲೆಮನೆಯ ಸೊಸೆ ತಂಬಿಗೆ ಹಿಡಿದು ಬಂದಳು. ಪಕ್ಕದಲ್ಲಿ ಕೂತು ನನ್ನ ಕಣ್ಣನ್ನೇ ನೋಡಿದಳು.

"ಉಂಡ್ರೇನ್ರಿ?" ಎಂದಳು. "ಆರಾಮ್ ಅದೀರೇನ್ರಿ?"

"ಆರಾಮ್ ಅದೇನಿ" ಎಂದೆ.

ಅವಳು ತಂಬಿಗೆಯನ್ನು ನನ್ನ ಮುಂದಿಟ್ಟು, ಗೋಣಿತಟ್ಟು ಸರಿಸಿ, ತಮ್ಮ ಕಟ್ಟನ್ನು ಎತ್ತಿಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವರ ಅಡಿಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಆಮೇಲೆ ನಾನು ನೀರು ಕುಡಿದೆ.