ಸರ್ವೇಯರ್ ಕೇಳಿದ ಒಂದು ‘ರಿ’

ಅವರ ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗಿತ್ತು. ಮೂವತ್ತು ವರ್ಷ ಅಳತೆಯ ಕೋಲಿನ ಸೀಳಿಗೆ ಕಣ್ಣಿಟ್ಟು ನೋಡಿದ್ದರಿಂದ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ಅದು ಎಡಗಣ್ಣೆಂದು ನಾನು ಬಹಳ ಕಾಲ ನಂಬಿದ್ದೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಮಾಲೆ ಹಾಕಿದ ಫೋಟೋ ನೋಡಿದರೆ, ಬಲಗಣ್ಣು. ಫೋಟೋ ತಿರುವುಮುರುವಾಗಿ ಅಚ್ಚಾಗಿರಬಹುದೆಂದು ಒಂದು ಕ್ಷಣ ಮನಸ್ಸಿನಲ್ಲೇ ವಾದ ಹೂಡಿದೆ. ಅಂಗಿಯ ಜೇಬು ಸರಿಯಾದ ಕಡೆಗೇ ಇತ್ತು. ಆದ್ದರಿಂದ ಮುಂದಿನದನ್ನೆಲ್ಲ ನನಗೆ ನೆನಪಿರುವಂತೆ ಬರೆಯುತ್ತಿದ್ದೇನೆ. ನಡೆದಂತೆಯೇ ಬರೆಯುತ್ತಿದ್ದೇನೆ ಎನ್ನಲಾರೆ.

ಅವರು ಸರಕಾರಿ ಸರ್ವೇಯರ್, ಹೊಲ ಅಳೆಯುವವರು. ಮುರಗೋಡದ ಕಡೆಯವರು. ರಾಮದುರ್ಗ, ಸವದತ್ತಿ, ಕಿತ್ತೂರು ಎಂದು ವರ್ಗವಾಗುತ್ತ ಬಂದು ಕೊನೆಗೆ ಬೈಲಹೊಂಗಲದಲ್ಲಿ ಮನೆ ಕಟ್ಟಿದ್ದರು. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ನಾನು ಆಗಷ್ಟೇ ಧಾರವಾಡದಲ್ಲಿ ಎಂ.ಎ. ಮುಗಿಸಿ ಇಲ್ಲಿಯ ಕಾಲೇಜಿಗೆ ಸೇರಿದ್ದೆ. ತಿಂಗಳ ಎರಡನೇ ರವಿವಾರ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯ ಮಾಳಿಗೆಯಲ್ಲಿ ಓದುಗರ ಬಳಗ ಸೇರುತ್ತಿತ್ತು. ನಮ್ಮ ಪರಿಚಯವಾದದ್ದು ಅಲ್ಲಿ. ಸಭೆಯ ವರದಿ ಬರೆಯುವ ಕೆಲಸ ನನ್ನದಾದ್ದರಿಂದ ಮೊಬೈಲಿನಲ್ಲಿ ಮಾತುಗಳನ್ನೆಲ್ಲ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ.

ಬಳಗದವರು ಸಣ್ಣ ಮನಸ್ಸಿನವರಲ್ಲ. ಪ್ರಾಧ್ಯಾಪಕರು ಜಾತಿ ತೋರಿಸುವ ಅಡ್ಡಹೆಸರನ್ನು ಎಂದೋ ಬಿಟ್ಟವರು. ಮಗಳ ಮದುವೆಯನ್ನು ಬೇರೆ ಜಾತಿಯಲ್ಲಿ, ಪುರೋಹಿತರಿಲ್ಲದೆ ಮಾಡಿದವರು. ತಾವು ಕಲಿಸಿದ ಹದಿನೆಂಟರ ಹುಡುಗಿಯರಿಗೂ ‘ಬರ್ರಿ, ಕುಂದರ್ರಿ’ ಎನ್ನುತ್ತಿದ್ದರು. ಸರ್ವೇಯರರದು ಬೌದ್ಧ ಮನೆತನ, ತಂದೆಯ ಕಾಲಕ್ಕೇ ದೀಕ್ಷೆ ತೆಗೆದುಕೊಂಡವರು. ಅದಕ್ಕೂ ಮೊದಲು ಅವರ ಕೇರಿಯನ್ನು ಊರವರು ಏನೆಂದು ಕರೆಯುತ್ತಿದ್ದರೆಂಬುದು ನಮಗೆಲ್ಲ ಗೊತ್ತಿತ್ತು. ಬಳಗದಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿರುವುದಷ್ಟೇ ಸಾಕೆಂದು ತಿಳಿದಿದ್ದೆವು.

ಒಮ್ಮೆ ಕಟಕೋಳದಲ್ಲಿ ಅಣ್ಣತಮ್ಮಂದಿರ ಬದುವಿನ ತಕರಾರಿತ್ತು. ನೋಡುವ ಆಸೆಯೆಂದು ನಾನೂ ಅವರ ಬೈಕಿನ ಹಿಂದೆ ಕುಳಿತು ಹೋದೆ. ‘ಬರ್ರಿ ಸಾಹೇಬ್ರ, ಕುಂದರ್ರಿ ಸಾಹೇಬ್ರ’ ಎಂದು ಅಣ್ಣತಮ್ಮಂದಿರಿಬ್ಬರೂ ಪೈಪೋಟಿಗೆ ಬಿದ್ದಂತೆ ಉಪಚರಿಸಿದರು. ತಂಬಿಗೆಯಲ್ಲಿ ನೀರು ಬಂತು. ಸರ್ವೇಯರ್ ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿದರು. ಎಲ್ಲ ಊರಲ್ಲೂ ಅವರು ಹಾಗೆಯೇ ಮಾಡುತ್ತಿದ್ದರಂತೆ. ಯಾರ ಮನೆಯಲ್ಲೂ ತಮಗೆ ನೀರು ಕೊಡಲು ಯಾರೂ ಹಿಂದೆಮುಂದೆ ನೋಡುವ ಪ್ರಸಂಗ ಬರಬಾರದೆಂದೇ ಹಾಗೆ ಮಾಡುತ್ತಿದ್ದರೆಂದು ನನ್ನ ಊಹೆ. ಕೇಳಲಿಲ್ಲ.

“ದೇವರಾಣಿ, ನಾ ಒಂದ್ ಗೇಣೂ ಒತ್ತಿಲ್ರಿ ಸಾಹೇಬ್ರ,” ಎಂದು ಅಣ್ಣ ಅಂದ. ಅಳತೆಯ ಸರಪಳಿ ಎಳೆದು ನೋಡಿದರೆ ಗಡಿಕಲ್ಲು ಎರಡು ಮೊಳ ತಮ್ಮನ ಹೊಲದೊಳಗಿತ್ತು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಕುಳಿತಾಗ, ಅವನು ಎಷ್ಟು ಸಲೀಸಾಗಿ ಸುಳ್ಳು ಹೇಳಿದನಲ್ಲ ಎಂದೆ.

“ಸುಳ್ಳಲ್ರಿ ಅದು,” ಎಂದರು. “ಯಾರೂ ಕಲ್ಲ ಕಿತ್ತು ಆ ಕಡೆ ಇಡೂದಿಲ್ರಿ. ವರ್ಷಾ ಹೊಲಾ ಊಳಾಕ ರಂಟಿ ಹೊಡಿವಾಗ ಅದನ್ನ ನಾಕ್ ಬೆರಳ ಒತ್ತತಾರ, ಅಷ್ಟ. ಅವಂಗ ಖರೇನ ಗೊತ್ತಿಲ್ಲ. ಅದಕ್ಕ ಅಂವಾ ಅಷ್ಟ್ ಜೋರಾಗಿ ಆಣಿ ಮಾಡತಾನ.”

ರೈತರು ಅವರಿಗೆ ಎಷ್ಟೊಂದು ಮರ್ಯಾದೆ ಕೊಡುತ್ತಾರೆಂದೂ ನಾನು ಅಂದಿರಬೇಕು. ಅವರು ನಕ್ಕರು. “ಅವರ ರಿ ನನಗಲ್ರಿ. ನನ್ನ ಸರಪಳಿಗಿ.”

ಬಳಗದಲ್ಲಿ ಈ ‘ರಿ’ಯ ಮಾತು ಬಂದದ್ದು ಇದಾಗಿ ಒಂದು ವರ್ಷಕ್ಕೋ ಎರಡು ವರ್ಷಕ್ಕೋ. ಅಂದಿನ ಚರ್ಚೆ ಮುಗಿದು ಚಹಾ ಬಂದಿತ್ತು. ಸರ್ವೇಯರ್ ಕುಳಿತಲ್ಲಿಂದಲೇ ಪ್ರಾಧ್ಯಾಪಕರಿಗೆ ಹೇಳಿದರು.

“ಸರ್, ಇವತ್ತ ಒಂದ್ ಅಳತಿ ಮಾಡೇನ್ರಿ. ಎರಡ ತಾಸಿನಾಗ ಎಲ್ಲಾರೂ ಎಲ್ಲಾರಿಗೂ ರಿ ಹಚ್ಚಿ ಮಾತಾಡಿದ್ರಿ. ನನಗ ಒಂದೂ ಹಚ್ಚಲಿಲ್ಲ. ಬಾ, ಕುಂದ್ರು, ಹೇಳು ಅಂದ್ರಿ. ಮೊದಲಿಂದ್ಲೂ ಹಂಗ ನಡದೈತಿ. ನನಗೂ ಒಂದ್ ರಿ ಹಚ್ಚಿದ್ರ ಚಲೋ ಆಗತೈತಿ.”

ಪ್ರಾಧ್ಯಾಪಕರು ನಕ್ಕರು. “ಇಷ್ಟ ಸಣ್ಣ ಮಾತಿಗೆ ಏನೋ? ನಿನಗ ರಿ ಅಂದ್ರ ನೀ ಹೊರಗಿನಾವ ಆಗತಿ. ಇದು ಸಲಿಗಿ, ಮಾರಾಯಾ.”

“ಸಲಿಗಿ ಆದ್ರ ಎರಡೂ ಕಡಿಂದ ಇರಬೇಕಲ್ರಿ ಸರ್. ನಾನೂ ನಿಮಗ ನೀ ಅನ್ನಲೇನ್ರಿ?”

ಬಳಗದಲ್ಲಿದ್ದ ವಕೀಲರೊಬ್ಬರು ವಾತಾವರಣ ತಿಳಿ ಮಾಡಲೆಂದು, “ಸರ್ವೇಯರ್ ಇವತ್ತ ನಮ್ಮನ್ನ ಹದ್ದಬಸ್ತ್ ಮಾಡಾಕ ಬಂದಾನ,” ಎಂದರು. ಹದ್ದಬಸ್ತ್ ಎಂದರೆ ಗಡಿ ಅಳೆದು ಕಲ್ಲು ನಿಲ್ಲಿಸುವುದು. ಎಲ್ಲರೂ ನಕ್ಕರು.

“ಹೌದ್ರಿ,” ಎಂದರು ಸರ್ವೇಯರ್. “ಕಲ್ಲ ಸರದಾವ್ರಿ.”

ಮುಂದಿನ ತಿಂಗಳು ಅವರು ಮೆಟ್ಟಿಲು ಹತ್ತಿ ಬರುತ್ತಲೇ ಪ್ರಾಧ್ಯಾಪಕರು ಎದ್ದು ನಿಂತು ಕೈಮುಗಿದು, “ಬರ್ರಿ ಸಾಹೇಬ್ರ, ದಯಮಾಡಸ್ರಿ ಸಾಹೇಬ್ರ,” ಎಂದರು. ಮತ್ತೆ ನಗು. ಆ ದಿನವೆಲ್ಲ ‘ರಿ’ ಬಂದಾಗಲೊಮ್ಮೆ ಯಾರಾದರೂ ಮುಸಿಮುಸಿ ನಗುತ್ತಿದ್ದರು. ಸರ್ವೇಯರ್ ಚಹಾ ಮುಗಿಸಿ, ಕಪ್ಪನ್ನು ತಾವೇ ತೊಳೆದಿಟ್ಟು ಹೋದರು. ತಿರುಗಿ ಬರಲಿಲ್ಲ. ಪ್ರಾಧ್ಯಾಪಕರಿಗೆ ನಿಜವಾಗಿಯೂ ನೋವಾಗಿತ್ತು. “ಅವರ ಮಂದಿ ಸಲುವಾಗಿ ನಾ ಜೀವನ ಸವಸೇನಿ. ಹೀಂಗ ಮಾಡಬಾರದಿತ್ತಂವಾ,” ಎಂದು ಬಹಳ ಸಲ ಹೇಳಿದರು. ‘ಅವರ ಮಂದಿ’ ಎಂಬ ಮಾತು ಅಂದು ನನ್ನ ಕಿವಿಗೂ ತಾಗಲಿಲ್ಲ.

ಸರ್ವೇಯರ್ ನಿವೃತ್ತರಾದ ವರ್ಷ ನಾನು ಅವರ ಮನೆಗೆ ಹೋಗಿದ್ದೆ. ವರಾಂಡದಲ್ಲಿ ಕುಳಿತು ಹಳೆಯ ಸರಪಳಿಗೆ ಎಣ್ಣೆ ಹಚ್ಚುತ್ತಿದ್ದರು. ಮಶೀನು ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಳಗಕ್ಕೆ ಮತ್ತೆ ಬನ್ನಿ ಎಂದು ಕರೆದೆ. ಅವರಿಗೆ ಆಸೆಯಿತ್ತು, ಮುಖದಲ್ಲಿ ಕಂಡಿತು. ಈ ಊರಲ್ಲಿ ಪುಸ್ತಕದ ಮಾತಾಡಲು ಅವರಿಗೂ ಬೇರೆ ಜಾಗವಿರಲಿಲ್ಲ.

“ಬರತೇನ್ರಿ,” ಎಂದರು. “ನನಗ ನೀ ಅಂದಿದ್ದು ಖರೆ ಅಂತ ಒಬ್ಬರರ ಒಪ್ಪಿದ್ರ ಬರತೇನಿ. ಬ್ಯಾರೇದೇನ ಬ್ಯಾಡ.” ಆಮೇಲೆ ಕೇಳಿದರು, “ನೀವ ಏನ ಅಂತಿದ್ರಿ ನನಗ?”

“ನಾ ಯಾವತ್ತೂ ರಿ ಅಂದೇ ಮಾತಾಡೇನ್ರಿ,” ಎಂದೆ. ಯೋಚಿಸಲೂ ಇಲ್ಲ.

ಅವರು ಸರಪಳಿಯ ಒಂದೊಂದೇ ಕೊಂಡಿ ಒರೆಸುತ್ತ, “ನೆನಪಿಲೆ ಹೇಳಬ್ಯಾಡ್ರಿ. ಅಳದ ಹೇಳ್ರಿ,” ಎಂದರು.

ನನ್ನ ಹಳೆಯ ಮೊಬೈಲು ಮನೆಯ ಕಪಾಟಿನಲ್ಲೇ ಇತ್ತು. ಅದರಲ್ಲಿ ಎಲ್ಲ ಸಭೆಗಳ ಧ್ವನಿಮುದ್ರಣವೂ ಇತ್ತು. ಚಾರ್ಜರ್ ಸಿಗಲಿಲ್ಲ, ಪುರುಸೊತ್ತಿರಲಿಲ್ಲ ಎಂದುಕೊಳ್ಳುತ್ತಲೇ ಮೂರು ವರ್ಷ ಕಳೆದೆ. ಅಷ್ಟರಲ್ಲಿ ಅವರ ಮೂತ್ರಪಿಂಡ ಕೆಟ್ಟಿತು. ತೀರಿಕೊಂಡರು. ಬಳಗದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಈ ಕಥೆಯನ್ನೆಲ್ಲ ಹೇಳಿದೆ. ಪ್ರಾಧ್ಯಾಪಕರ ಎದುರಿಗೇ ಹೇಳಿದೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ನಾನೊಬ್ಬ ಮಾತ್ರ ಅವರಿಗೆ ರಿ ಎನ್ನುತ್ತಿದ್ದೆನೆಂಬುದನ್ನೂ ಸೇರಿಸಿದೆ. ಸವದತ್ತಿಯಲ್ಲಿ ಶಿಕ್ಷಕಿಯಾಗಿರುವ ಅವರ ಮಗಳು ಮುಂದಿನ ಸಾಲಿನಲ್ಲಿದ್ದಳು. ಸಭೆ ಮುಗಿದ ಮೇಲೆ ಬಂದು, “ಅಪ್ಪಾರು ನಿಮ್ಮ ದಾರಿ ಭಾಳ ಕಾಯ್ದ್ರಿ ಸರ್,” ಎಂದಳು.

ಈ ಬರಹದ ತುಂಬ ಅವರನ್ನು ‘ಅವರು’ ಎಂದೇ ಬರೆದಿದ್ದೇನೆ. ಬರೆಯುವಾಗ ಅದು ಕಷ್ಟವಲ್ಲ. ಇದನ್ನು ಶುರು ಮಾಡುವ ಮೊದಲು ಚಾರ್ಜರ್ ಕೊಂಡು ತಂದು, ಅವರು ರಿ ಕೇಳಿದ ಆ ದಿನದ ಧ್ವನಿಮುದ್ರಣ ಕೇಳಿದೆ. ಫ್ಯಾನಿನ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದು. ಚರ್ಚೆ ಇನ್ನೂ ಶುರುವಾಗಿಲ್ಲ. ಹೈಸ್ಕೂಲಿನ ಮೇಡಂ ಒಬ್ಬರು ಒಳಗೆ ಬರುತ್ತಾರೆ. ಒಂದು ಧ್ವನಿ ಹೇಳುತ್ತದೆ: “ಸರ್ವೇಯರ್, ನೀ ಸ್ವಲ್ಪ ಆ ಕಡೆ ಸರಿ. ಮೇಡಮ್ಮಾರು ಕುಂದರತಾರ.”

ಮೂರು ಸಲ ಕೇಳಿದೆ. ಧ್ವನಿ ನನ್ನದು. ಅದಕ್ಕೆ ಅವರು, “ಆತ್ರಿ,” ಎಂದಿದ್ದಾರೆ.